ಏಲಂ ಆಗದೆ ನಿದ್ರೆಯಿಲ್ಲ

ಪೆಟ್ಟಿನ ಸದ್ದು ಕೇಳದೆ ನನ್ನ ತಂಗಿಗೆ ನಿದ್ರೆ ಬರುವುದಿಲ್ಲ ಎಂಬ ಸ್ಥಿತಿಯನ್ನು ತಂದಿಟ್ಟವನು ನಾನೇ. ಹೊಡೆಯುತ್ತಿದ್ದವರು ಅಪ್ಪಯ್ಯ, ಅದರಲ್ಲಿ ನನ್ನ ಪಾಲಿಲ್ಲ. ಆದರೆ ಬಿದ್ದ ಪೆಟ್ಟುಗಳನ್ನೆಲ್ಲ ಗುಡಿಸಿ ಒಟ್ಟುಮಾಡಿ, ಮೇಲಿಂದ ಸ್ವಲ್ಪ ನಗೆ ಉದುರಿಸಿ, ಇನ್ನೂ ಸರಿಯಾಗಿ ಮಾತು ಬಾರದ ಮಗುವಿಗೆ ದಿನಾ ಮಲಗುವ ಹೊತ್ತಿಗೆ ಉಣಿಸಿದ ಬುದ್ಧಿವಂತ ನಾನು. ಆಗ ನಾನೊಬ್ಬ ದೊಡ್ಡ ಕಲಾವಿದನೆಂಬ ಭ್ರಮೆ ನನಗಿತ್ತು. ನಮ್ಮ ಶಾಲೆಯ ಹೆಡ್‌ಮಾಸ್ತರರ ಮೂಗಿನ ಸ್ವರ, ಕುಂದಾಪುರ ಬಸ್‌ಸ್ಟ್ಯಾಂಡಿನಲ್ಲಿ ಬೈಂದೂರು ಬೈಂದೂರು ಎಂದು ಕೂಗುವ ಕಂಡಕ್ಟರನ ಗಂಟಲು, ಆಚೆಮನೆಯ ಬೇಬಿಯಕ್ಕ ಅಳುತ್ತಲೇ ಚಾಡಿ ಹೇಳುವ ರೀತಿ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನನ್ನದೇ ಆದ ಸ್ವರವೊಂದು ಮಾತ್ರ ಇರಲಿಲ್ಲ. ಪಾಠ ಓದು ಎಂದು ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ಯಾರ ಸ್ವರದಲ್ಲಿ ಓದುವುದೆಂದು ತಿಳಿಯದೆ ಬಾಯಿ ಕಳೆದು ನಿಲ್ಲುತ್ತಿದ್ದೆ. ಈ ಮಾಣಿ ದಡ್ಡ ಎಂದು ಅವರು ತೀರ್ಮಾನಿಸಿದರು. ತೀರ್ಮಾನ ಸರಿಯಾಗಿಯೇ ಇತ್ತು, ಅದಕ್ಕೆ ಅವರು ಕೊಟ್ಟ ಕಾರಣ ಮಾತ್ರ ತಪ್ಪು.

ಕುಂದಾಪುರದ ಪಕ್ಕದ ಕೋಡಿಯಲ್ಲಿ ನಮ್ಮ ಮನೆ ಎಂದರೆ ಮುಂದೊಂದು ಚಾವಡಿ, ಅದರ ಹಿಂದೆ ಒಳಕೋಣೆ, ಅದರ ಹಿಂದೆ ಅಡಿಗೆಮನೆ. ಒಂದರ ಬೆನ್ನಿಗೆ ಒಂದು, ರೈಲಿನ ಡಬ್ಬಿಗಳ ಹಾಗೆ. ನಡುವಿನ ಗೋಡೆಗಳು ಹೆಂಚಿನ ಮಾಡಿನವರೆಗೆ ಹೋಗಿರಲಿಲ್ಲ. ಕಟ್ಟುವಾಗ ಕಲ್ಲು ಸಾಕಾಗಲಿಲ್ಲವೋ, ಕಟ್ಟುವವನಿಗೆ ಸಾಕಾಯಿತೋ, ಆಳೆತ್ತರಕ್ಕೆ ಬಂದು ನಿಂತುಬಿಟ್ಟಿದ್ದವು. ಹಾಗಾಗಿ ಅಡಿಗೆಮನೆಯಲ್ಲಿ ಒಗ್ಗರಣೆ ಚಟಪಟಿಸಿದರೆ ಚಾವಡಿಯಲ್ಲಿ ಕೆಮ್ಮು, ಚಾವಡಿಯಲ್ಲಿ ಯಾರಾದರೂ ಕೆನ್ನೆಗೆ ತಿಂದರೆ ಒಳಕೋಣೆಯಲ್ಲಿ ಮಲಗಿದವರಿಗೆ ಅದು ಎಡಗೆನ್ನೆಯೋ ಬಲಗೆನ್ನೆಯೋ ಎಂಬುದೂ ತಿಳಿಯುತ್ತಿತ್ತು. ಒಳಕೋಣೆಯಲ್ಲಿ ಮಲಗುತ್ತಿದ್ದವರು ನಾನು, ತಂಗಿ ಸುಮಿ, ನಮ್ಮಿಬ್ಬರ ನಡುವೆ ಅಜ್ಜಿ. ಅಜ್ಜಿ ಎಂದರೆ ಅಪ್ಪಯ್ಯನ ಅಮ್ಮ. ಮಗ ಮನೆಗೆ ಬರುವ ಮೊದಲು ಮೊಮ್ಮಕ್ಕಳನ್ನು ಮಲಗಿಸಿಬಿಡಬೇಕು ಎಂಬುದೊಂದೇ ಅವಳಿಗಿದ್ದ ವ್ರತ, ಅದಕ್ಕಾಗಿ ಒಂದು ಕ್ರಮವನ್ನೂ ಅವಳು ಕಟ್ಟಿಕೊಂಡಿದ್ದಳು. ಕತ್ತಲಾಗುವ ಹೊತ್ತಿಗೆ ಬಾವಿಕಟ್ಟೆಯಲ್ಲಿ ಕಾಲಿನ ಹೊಯ್ಗೆ, ಅಂದರೆ ಮರಳು, ತೊಳೆಯುವುದು. ಕೋಡಿಯ ಹೊಯ್ಗೆ ಚಾಪೆಗೆ ಬಂದರೆ ರಾತ್ರಿಯಿಡೀ ಇರುವೆ ಹರಿದ ಹಾಗಾಗುತ್ತದೆ ಎಂದು ಬೆರಳುಸಂದಿಗಳನ್ನೂ ಬಿಡುತ್ತಿರಲಿಲ್ಲ. ಆಮೇಲೆ ಬಿಸಿ ಗಂಜಿ, ಒಣ ಸಿಗಡಿ ಚಟ್ನಿ. ಆಮೇಲೆ ನೆತ್ತಿಗೆ ತೆಂಗಿನೆಣ್ಣೆ. ಚಾಪೆಗೆ ಬಿದ್ದ ಮೇಲೆ ನಮ್ಮ ಕಣ್ಣೆವೆಗಳನ್ನು ಎರಡು ಬೆರಳಿನಿಂದ ಒತ್ತಿ ಹಿಡಿಯುತ್ತಿದ್ದಳು, ಅಂಟು ಹಚ್ಚಿದ ಲಕೋಟೆಯನ್ನು ಒತ್ತಿದ ಹಾಗೆ. ಅಷ್ಟರಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಕಡೆಯಿಂದ ಬೋಟುಗಳು ಒಳಗೆ ಬರುವ ಸದ್ದು ಶುರುವಾಗುತ್ತಿತ್ತು. ಇದು ನಮ್ದಲ್ಲ, ಇದೂ ನಮ್ದಲ್ಲ ಎಂದು ಅಜ್ಜಿ ಎಂಜಿನ್ನಿನ ಸದ್ದಿನಲ್ಲೇ ಹೇಳುತ್ತಿದ್ದಳು. ಮಕ್ಕಳಿಗೆ ಇದಕ್ಕಿಂತ ತಂಪಾದ ಜೋಗುಳ ಇಲ್ಲ. ಆದರೆ ಒಂದು ಎಂಜಿನ್ನಿನ ಸದ್ದಿಗೆ ಅವಳ ಬೆರಳು ನಮ್ಮ ಕಣ್ಣಿನ ಮೇಲೆ ಗಟ್ಟಿಯಾಗುತ್ತಿತ್ತು.

"ಬಂತ್. ಮನಿಕಣಿ ಮಕ್ಳೇ, ಬ್ಯಾಗ ಮನಿಕಣಿ."

ಹೀಗೆ ಹೇಳಿದ ಮೇಲೆ ಯಾವ ಮಗು ಮಲಗುತ್ತದೆ? ನಾವಿಬ್ಬರೂ ಕಣ್ಣು ಮುಚ್ಚಿಕೊಂಡು, ಕಿವಿ ತೆರೆದಿಟ್ಟು ಕಾಯುತ್ತಿದ್ದೆವು. ಅಪ್ಪಯ್ಯ ದುಡಿಯುತ್ತಿದ್ದುದು ಬೆಳಗಿನ ಜಾವ ಹೋಗಿ ಸಂಜೆಗೆ ಮರಳುವ ರಾಣಿಬಲೆಯ ಬೋಟಿನಲ್ಲಿ. ದಡಕ್ಕೂ ನಮ್ಮ ಮನೆಗೂ ಕೂಗಿದರೆ ಕೇಳುವಷ್ಟೇ ದೂರ, ಆದರೆ ನಡುವೆ ಒಂದು ಸಾರಾಯಿ ಗಡಂಗಿತ್ತು. ಆ ದೂರವನ್ನು ದಾಟಿ ಬರುವಷ್ಟರಲ್ಲಿ ಅವರು ಬೇರೊಬ್ಬರಾಗಿರುತ್ತಿದ್ದರು. ಹೊಡೆಯಲು ಕಾರಣ ಬೇಕೆಂದಿರಲಿಲ್ಲ, ಇದ್ದರೆ ಅನುಕೂಲ ಅಷ್ಟೆ. ಒಂದು ದಿನ ಬಂಗುಡೆ ಸಾರಿಗೆ ಹುಳಿ ಕಡಿಮೆ. ಇನ್ನೊಂದು ದಿನ ಅದೇ ಸಾರಿಗೆ ಹುಳಿ ಜಾಸ್ತಿ. ಅಮ್ಮನೂ ತುಟಿ ಹೊಲಿದುಕೊಂಡು ಕೂರುವ ಜಾತಿಯಲ್ಲ. ಬೆಳಗಿನಿಂದ ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಮನೆಮನೆ ಸುತ್ತಿ, ಚೌಕಾಸಿ ಮಾಡುವ ಹೆಂಗಸರ ಜೊತೆಗೆಲ್ಲ ವಾದಿಸಿ ಬಂದ ಬಾಯಿ ಅದು. ಕೈಯಲ್ಲಿ ಅಪ್ಪಯ್ಯ, ಮಾತಿನಲ್ಲಿ ಅಮ್ಮ. ಆಚೀಚೆ ಮನೆಯವರು ಅಪ್ಪಯ್ಯನ ಪೆಟ್ಟುಗಳನ್ನು ಮರೆತರೂ ಅಮ್ಮನ ಬೈಗುಳಗಳನ್ನು ಬಾಯಿಪಾಠ ಮಾಡಿಕೊಂಡಿದ್ದರು. ಬೇಬಿಯಕ್ಕ ಅವುಗಳಲ್ಲಿ ಕೆಲವನ್ನು ತನ್ನ ಗಂಡನ ಮೇಲೂ ಬಳಸಿ ನೋಡಿದ್ದಳಂತೆ, ಅವಳ ಬಾಯಲ್ಲಿ ಅವಕ್ಕೆ ಅಷ್ಟು ಖಾರ ಬರಲಿಲ್ಲ.

ಏಲಂ, ಅಂದರೆ ಹರಾಜು, ಶುರುವಾದದ್ದು ಇಲ್ಲಿಂದ. ರಜೆಯ ದಿನ ಅಮ್ಮನ ಜೊತೆ ನಾನೂ ದಡಕ್ಕೆ ಹೋಗುತ್ತಿದ್ದೆ. ಅಲ್ಲಿ ಬೋಟಿನಿಂದ ಇಳಿಸಿದ ಮೀನನ್ನು ರಾಶಿ ಹಾಕಿ ಒಬ್ಬರು ಏಲಂ ಕೂಗುತ್ತಿದ್ದರು. ಬಾಯಿ ತುಂಬ ಎಲೆಯಡಿಕೆ, ಒಂದು ಕಣ್ಣು ಅರ್ಧ ಮುಚ್ಚಿರುತ್ತಿತ್ತು. ಬೆಲೆ ಏರುತ್ತ ಹೋದ ಹಾಗೆ ಅವರ ಸ್ವರ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಕೊನೆಗೆ ಪಿಸುಮಾತಾಗಿ, ಹೆಂಗಸರೆಲ್ಲ ಉಸಿರು ಬಿಗಿಹಿಡಿದು ಬಗ್ಗಿ ಕೇಳುವಾಗ, ಹೋಯ್ತ್ ಎಂದು ಅಂಗೈಯಿಂದ ಬುಟ್ಟಿಯ ಅಂಚಿಗೆ ಫಟ್ಟೆಂದು ಬಾರಿಸುತ್ತಿದ್ದರು. ಆ ರಾಶಿ ಮುಗಿಯಿತು. ನಾನು ಆ ಸ್ವರವನ್ನು ಮನೆಗೆ ತಂದೆ. ಒಂದು ಸಂಜೆ ಅಪ್ಪಯ್ಯ ಅಮ್ಮನ ಜಡೆ ಹಿಡಿದು ಚಾವಡಿಯಿಂದ ಅಡಿಗೆಮನೆಯವರೆಗೆ ಎಳೆದುಕೊಂಡು ಹೋಗಿದ್ದರು. ಅದು ನಮ್ಮ ಚಾಪೆಯ ಪಕ್ಕದಲ್ಲೇ ಹಾದುಹೋದ ಮೆರವಣಿಗೆ. ಮನೆ ತಣ್ಣಗಾದ ಮೇಲೂ ಸುಮಿಯ ಹಲ್ಲು ಕಟಕಟ ಎನ್ನುವುದು ನಿಲ್ಲಲಿಲ್ಲ. ಅಜ್ಜಿ ಎಣ್ಣೆ ಹಚ್ಚಿದಳು, ನೀರು ಕುಡಿಸಿದಳು, ಬೆರಳಿನಿಂದ ಕಣ್ಣು ಒತ್ತಿದಳು, ಪ್ರಯೋಜನವಾಗಲಿಲ್ಲ. ಆಗ ನಾನು ಸುಮಿಯನ್ನು ಅಜ್ಜಿಯ ಆಚೆಯಿಂದ ನನ್ನ ಹೊದಿಕೆಯೊಳಗೆ ಎಳೆದುಕೊಂಡು, ಏಲಂ ಕೂಗುವ ಆ ಅರೆಗಣ್ಣಿನವರ ಸ್ವರದಲ್ಲಿ ಶುರು ಮಾಡಿದೆ.

"ಕೆನ್ನಿಗ್ ಬಿದ್ದದ್ದ್ ಒಂದ್ ರಾಶಿ, ಬೆನ್ನಿಗ್ ಬಿದ್ದದ್ದ್ ಒಂದ್ ರಾಶಿ. ಹಸಿ ಮಾಲ್, ಈಗಷ್ಟೇ ಬಂದದ್ದ್. ಯಾರಿಗ್ ಬೇಕ್, ಯಾರಿಗ್ ಬೇಕ್?"

ಹಲ್ಲಿನ ಸದ್ದು ನಿಂತಿತು. ನಾನು ಅಜ್ಜಿಯ ಸ್ವರದಲ್ಲಿ ಬೆಲೆ ಕೇಳಿದೆ, ಬೇಬಿಯಕ್ಕನ ಸ್ವರದಲ್ಲಿ ಚೌಕಾಸಿ ಮಾಡಿದೆ, ಹೆಡ್‌ಮಾಸ್ತರರ ಮೂಗಿನಲ್ಲಿ ಈ ಪೆಟ್ಟಿನ ಗುಣಮಟ್ಟ ತೃಪ್ತಿಕರವಾಗಿಲ್ಲ ಎಂದೆ. ಅಮ್ಮನ ಸ್ವರದಲ್ಲಿ, ಇದಕ್ಕಿಂತ ದೊಡ್ಡ ಪೆಟ್ಟು ನಿನ್ನೆ ನನಗೆ ಸುಮ್ಮನೆ ಸಿಕ್ಕಿದೆ ಎಂದೆ. ಅಪ್ಪಯ್ಯನ ಸ್ವರದಲ್ಲಿ, ಯಾರಿಗೂ ಬೇಡವಾದರೆ ನಾನೇ ವಾಪಸು ತೆಗೆದುಕೊಂಡು ನಾಳೆ ಮತ್ತೆ ತರುತ್ತೇನೆ ಎಂದೆ. ಕತ್ತಲಲ್ಲಿ ಸುಮಿ ಕಿಸಕ್ಕೆಂದಳು. ಅವಳ ಆಚೆ ಅಜ್ಜಿಯ ಹೊಟ್ಟೆಯೂ ಕುಣಿಯಿತು. ಕಡೆಗೆ ನನ್ನ ಸ್ವರ ಪಿಸುಮಾತಿಗೆ ಇಳಿದಾಗ ಸುಮಿ ನಂಗೆ ಎಂದಳು, ನಾನು ಹೋಯ್ತ್ ಎಂದೆ, ಅವಳು ದಿಂಬಿಗೆ ಒಂದು ಬಾರಿಸಿದಳು. ಬಾರಿಸಿದ ಕೈ ಅಲ್ಲೇ ಇರುವಾಗಲೇ ಮಲಗಿಬಿಟ್ಟಳು. ಅಂದು ನನಗಾದ ಹೆಮ್ಮೆ ಆಮೇಲೆ ಯಾವ ಸ್ಟೇಜಿನಲ್ಲೂ ಆಗಿಲ್ಲ. ಮರುದಿನದಿಂದ ಅದೇ ಕ್ರಮ. ಕಾಲು ತೊಳೆಯುವುದು, ಗಂಜಿ, ಎಣ್ಣೆ, ಬೋಟಿನ ಸದ್ದು, ಹೊಡೆತ, ಏಲಂ, ದಿಂಬಿಗೊಂದು, ನಿದ್ರೆ.

ಈ ಕ್ರಮದ ಫಲ ಮೊದಲು ಕಂಡದ್ದು ಬಾಲವಾಡಿಯಲ್ಲಿ. ಅಲ್ಲಿನ ಟೀಚರ್ ಒಂದು ದಿನ ಸುಮಿಯನ್ನು ಕೈ ಹಿಡಿದುಕೊಂಡು ಮನೆಗೆ ಬಂದು, ಅಂಗಳದಲ್ಲಿ ಚಪ್ಪಲಿ ಕಳಚದೆ ನಿಂತೇ ಹೇಳಿದರು. ಮಧ್ಯಾಹ್ನ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸಿದರೆ ಇವಳು ಎದ್ದು ಕೂತು ಆಚೀಚೆ ನೋಡುತ್ತಾಳೆ, ಪಕ್ಕದ ಮಗುವಿನ ಕೆನ್ನೆಗೆ ಒಂದು ಬಿಗಿಯುತ್ತಾಳೆ, ಆ ಮಗು ಚೀರಿಕೊಂಡರೆ ಇವಳು ಅತ್ತ ತಿರುಗಿ ನಿದ್ರೆಗೆ ಜಾರುತ್ತಾಳೆ. ಈಗ ಇವಳ ಪಕ್ಕ ಯಾವ ಮಗುವೂ ಮಲಗುವುದಿಲ್ಲ.

"ಸಿಟ್ಟಲ್ಲ ಮಾರಾಯ್ತಿ, ಜಗಳವೂ ಇಲ್ಲ. ಒಂದ್ ಬಾರ್ಸ್ದೆ ನಿಮ್ ಹೆಣ್ಣಿಗ್ ನಿದ್ರಿಯೇ ಬತ್ತಿಲ್ಲ."

ಟೀಚರ್ ಹೋದ ಮೇಲೆ ಅಮ್ಮ ನನ್ನನ್ನು ಕರೆದು, ಹೊದಿಕೆಯೊಳಗೆ ದಿನಾ ಏನು ನಡೆಯುತ್ತದೆ ಎಂದು ಕೇಳಿದಳು. ನಾನು ಹೆಮ್ಮೆಯಿಂದಲೇ ಹೇಳಿದೆ. ಅವಳು ಹೊಡೆಯಬಹುದು ಎಂದುಕೊಂಡಿದ್ದೆ, ಹೊಡೆಯಲಿಲ್ಲ. ಸುಮಿಯ ಅಂಗೈಯನ್ನು ಬಿಡಿಸಿ ಬಹಳ ಹೊತ್ತು ನೋಡಿದಳು, ಅಲ್ಲೇನೋ ಮುಳ್ಳು ಚುಚ್ಚಿದೆ ಎಂಬ ಹಾಗೆ. ಈ ಏಲಂ ಇನ್ನು ಬೇಡ ಎಂದಳು. ಅದೇ ವಾರ ಅಪ್ಪಯ್ಯ ಸಾರಿನ ಮಡಕೆಯನ್ನು ಗೋಡೆಗೆ ಅಪ್ಪಳಿಸಿ, ತಡೆಯಲು ಬಂದ ಅಜ್ಜಿಯನ್ನು ಕಡೆಯುವ ಕಲ್ಲಿನ ಮೇಲೆ ಬೀಳುವ ಹಾಗೆ ದೂಡಿ, ನನ್ನ ಬೆನ್ನಿಗೆ ಬೋಟಿನ ಹಗ್ಗದ ತುಂಡಿನಿಂದ ಬಾರಿಸಿ, ಹಗ್ಗ ಕಿತ್ತುಕೊಳ್ಳಲು ಬಂದ ಅಮ್ಮನ ಮಣಿಗಂಟನ್ನು ತಿರುಚಿದರು. ಒಣಕಟ್ಟಿಗೆ ಮುರಿದ ಹಾಗೆ ಸದ್ದಾಯಿತು. ನೆಲದ ಮೇಲೆ ಸಾರು ಯಾವುದು, ಅಜ್ಜಿಯ ಹಣೆಯ ರಕ್ತ ಯಾವುದು ಎಂದು ತಿಳಿಯುತ್ತಿರಲಿಲ್ಲ. ಆ ದಿನ ಏಲಂ ಮಾಡಲು ನನಗೆ ಸ್ವರ ಹೊರಡಲಿಲ್ಲ. ಸುಮಿ ತಾನೇ ಶುರು ಮಾಡಿದಳು. ಹಸಿ ಮಾಲ್, ಹಸಿ ಮಾಲ್ ಎಂದು ತೊದಲುತ್ತ, ದಿಂಬಿಗೆ ತಾನೇ ಬಾರಿಸಿಕೊಂಡು ಮಲಗಿದಳು.

ಅಮ್ಮ ಕುಂದಾಪುರದ ಡಾಕ್ಟರರ ಹತ್ತಿರ ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಹೇಳಿ ಪ್ಲಾಸ್ಟರು ಹಾಕಿಸಿಕೊಂಡಳು, ಒಂದೇ ಕೈಯಲ್ಲಿ ಬುಟ್ಟಿ ಎತ್ತಲು ಮರುದಿನವೇ ದಡಕ್ಕೆ ಹೋದಳು. ಅಲ್ಲಿ ಅಪ್ಪಯ್ಯನ ಬೋಟಿನ ತಂಡೇಲರು ಅದನ್ನು ಕಂಡರು. ತಂಡೇಲ ಎಂದರೆ ಬೋಟು ನಡೆಸುವ ಹಿರಿಯ, ನೀರಿನ ಮೇಲೆ ಅವರ ಮಾತಿಗೆ ಎದುರಿಲ್ಲ. ಶಬರಿಮಲೆಗೆ ಹೋಗುವ ತಂಡಕ್ಕೆ ಗುರುಸ್ವಾಮಿಯೂ ಅವರೇ ಆದ್ದರಿಂದ ನೆಲದ ಮೇಲೂ ಎದುರಿರಲಿಲ್ಲ. ಅವರು ಪ್ಲಾಸ್ಟರಿನ ವಿಷಯ ಎತ್ತಲೇ ಇಲ್ಲವಂತೆ. ಈ ಸಲ ಬೋಟಿನಲ್ಲಿ ಎಲ್ಲರೂ ಮಾಲೆ ಹಾಕುತ್ತಾರೆ, ಹಾಕದವನು ಬೇರೆ ಬೋಟು ನೋಡಿಕೊಳ್ಳಲಿ ಎಂದಷ್ಟೇ ಅಪ್ಪಯ್ಯನಿಗೆ ಹೇಳಿದರಂತೆ. ಹಾಗೆ ನಮ್ಮ ಮನೆಗೆ ಅಯ್ಯಪ್ಪ ಬಂದ. ಕಪ್ಪು ಪಂಚೆ, ಕೊರಳಲ್ಲಿ ತುಳಸಿ ಮಣಿ, ಹಣೆ ತುಂಬ ಗಂಧ. ಕುಡಿಯುವಂತಿಲ್ಲ, ಬೈಯುವಂತಿಲ್ಲ, ಕೈ ಎತ್ತುವಂತಿಲ್ಲ. ನಾವೆಲ್ಲ ಅವರನ್ನು ಸ್ವಾಮಿ ಎನ್ನಬೇಕು, ಅವರೂ ನಮ್ಮನ್ನು ಸ್ವಾಮಿ ಎನ್ನಬೇಕು. ಹಗ್ಗದ ತುಂಡಿನಲ್ಲಿ ಹೊಡೆಸಿಕೊಂಡ ಬೆನ್ನಿನ ಬಾಸುಂಡೆ ಆರುವ ಮೊದಲೇ ನಾನು ಸ್ವಾಮಿಯಾದೆ. ಮೀನು ಹಿಡಿಯಲು ಅಡ್ಡಿಯಿಲ್ಲ, ಮನೆಯಲ್ಲಿ ಬೇಯಿಸುವಂತಿಲ್ಲ. ಅಮ್ಮನ ಬುಟ್ಟಿಗೆ ಬಾವಿಯ ಆಚೆ ಜಾಗವಾಯಿತು. ಅಜ್ಜಿಗೆ ಒಣಮೀನಿಲ್ಲದೆ ಗಂಜಿ ಇಳಿಯದು. ಬೇಬಿಯಕ್ಕನ ಮಗುವಿಗೆ ದೃಷ್ಟಿ ತೆಗೆಯಲು ಹೋಗಿಬರುತ್ತೇನೆ ಎಂದು ದಿನಾ ಮಧ್ಯಾಹ್ನ ಆಚೆಮನೆಗೆ ಹೋಗಿ, ತುಟಿ ಒರೆಸಿಕೊಳ್ಳುತ್ತ ಬರುತ್ತಿದ್ದಳು. ಆ ಮಗುವಿಗೆ ಅಷ್ಟು ದೃಷ್ಟಿ ಯಾರು ಹಾಕುತ್ತಿದ್ದರೋ.

ಹೊಡೆತ ನಿಂತರೆ ಮನೆ ನೆಮ್ಮದಿಯಾಗಿ ಮಲಗುತ್ತದೆ ಎಂದುಕೊಂಡಿದ್ದೆವು. ಮಲಗಲಿಲ್ಲ. ಸಂಜೆ ಬೋಟಿನ ಸದ್ದು ಕೇಳುತ್ತಿತ್ತು, ಅಪ್ಪಯ್ಯ ಬರುತ್ತಿದ್ದರು, ತಣ್ಣೀರು ಹೊಯ್ದುಕೊಳ್ಳುತ್ತಿದ್ದರು, ದೀಪದ ಮುಂದೆ ಕೂರುತ್ತಿದ್ದರು. ಕುಡಿಯದೆ ಅವರ ಕೈ ನಡುಗುತ್ತಿತ್ತು, ಗಂಟೆ ಹಿಡಿದರೆ ಅದು ತಾನಾಗಿಯೇ ಬಾರಿಸಿಕೊಳ್ಳುತ್ತಿತ್ತು. ಚಾವಡಿಯಲ್ಲಿ ಬರಿನೆಲದ ಮೇಲೆ ಅವರು ಮಗ್ಗುಲು ಬದಲಿಸುವುದು, ಅಡಿಗೆಮನೆಯಲ್ಲಿ ಅಮ್ಮ ಪಾತ್ರೆಯನ್ನು ಮೆಲ್ಲಗೆ ಇಡುವುದು, ಎಲ್ಲ ಕೇಳುತ್ತಿತ್ತು. ಎಲ್ಲರೂ ಎಚ್ಚರವಾಗಿದ್ದು ಇನ್ನೊಬ್ಬರಿಗೆ ಕಿವಿಗೊಡುತ್ತಿದ್ದೆವು. ಸುಮಿಯ ಗತಿ ಕೇಳುವುದು ಬೇಡ. ಕಣ್ಣು ಕೆಂಪಾಗಿ, ತಲೆ ತೂಗುತ್ತಿದ್ದರೂ ಎದ್ದು ಕೂರುತ್ತಿದ್ದಳು. ಏಲಂ ಅಮ್ಮ ಬೇಡವೆಂದಿದ್ದಳು. ಕದ್ದು ಮಾಡಲು ಹೊರಟರೆ ಸುಮಿಯೇ ಒಪ್ಪಲಿಲ್ಲ. ಇವತ್ತು ಮಾಲೇ ಬಂದಿಲ್ಲವಲ್ಲ, ಯಾವುದನ್ನು ಕೂಗುತ್ತೀ ಎಂಬುದು ಅವಳ ತರ್ಕ. ವ್ಯಾಪಾರದಲ್ಲಿ ಆ ವಯಸ್ಸಿಗೇ ನನಗಿಂತ ಪ್ರಾಮಾಣಿಕಳು.

ಇಂಥ ಸ್ಥಿತಿಯಲ್ಲಿ ನಮ್ಮ ಮನೆಯ ಸರದಿಯ ಭಜನೆ ಬಂತು. ಬೋಟಿನ ಸ್ವಾಮಿಗಳೆಲ್ಲ ಒಂದೊಂದು ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುವುದು ಕ್ರಮ. ಚಾವಡಿ ತುಂಬ ಕಪ್ಪು ಪಂಚೆ, ಕರ್ಪೂರದ ಹೊಗೆ, ತಾಳ. ಭಜನೆ ಮುಗಿದು ಪ್ರಸಾದಕ್ಕೆ ಎಲ್ಲರೂ ಅಂಗೈ ಚಾಚಿದಾಗ ಒಳಕೋಣೆಯಿಂದ ಸುಮಿ ಬಂದಳು. ಕೂತವರ ಕಾಲುಗಳನ್ನು ದಾಟಿಕೊಂಡು ನೇರ ಅಪ್ಪಯ್ಯನ ಮುಂದೆ ನಿಂತಳು.

"ಸ್ವಾಮಿ, ಇವತ್ತ್ ಅಮ್ಮಂಗ್ ಹೊಡುದ್ ಎಷ್ಟೊತ್ತಿಗೆ? ನಂಗ್ ನಿದ್ರಿ ಮಾಡ್ಕ್."

ತಾಳ ಹಿಡಿದಿದ್ದವರ ಕೈಯಿಂದ ತಾಳ ಜಾರಿ ನೆಲಕ್ಕೆ ಬಿದ್ದು ಸುತ್ತತೊಡಗಿತು. ಅಪ್ಪಯ್ಯನಿಗೆ ಅರ್ಥವಾಗಲಿಲ್ಲ ಎಂದುಕೊಂಡು ಸುಮಿ ವಿವರಿಸಿದಳು. ಕೆನ್ನಿಗ್ ಒಂದ್ ರಾಶಿ, ಬೆನ್ನಿಗ್ ಒಂದ್ ರಾಶಿ ಎಂದು ಕೂಗಿದಳು. ಒಂದು ಕಣ್ಣನ್ನು ಅರ್ಧ ಮುಚ್ಚಿದಳು. ಹೋಯ್ತ್ ಎಂದು ಅಪ್ಪಯ್ಯನ ಮೊಣಕಾಲಿಗೆ ಒಂದು ಬಾರಿಸಿದಳು. ಆಮೇಲೆ, ಅಣ್ಣ ಮಾಡಿದ ಹಾಗೆ ತನಗೆ ಬರುವುದಿಲ್ಲ ಎಂದು ನನ್ನತ್ತ ಬೆರಳು ತೋರಿಸಿದಳು. ಅಪ್ಪಯ್ಯ ನನ್ನನ್ನು ಕರೆದು ನಡುವೆ ನಿಲ್ಲಿಸಿದರು.

"ಮಾಡ್. ಪೂರ್ತಿ ಮಾಡ್. ನಾನೂ ಕಾಣ್ತೆ."

ಇಲ್ಲಿ ನಾನು ಅಳಬಹುದಿತ್ತು, ಒಲ್ಲೆ ಎನ್ನಬಹುದಿತ್ತು, ಅಜ್ಜಿಯ ಸೆರಗಿನ ಹಿಂದೆ ಓಡಬಹುದಿತ್ತು. ಆದರೆ ಇಷ್ಟು ಜನ ಸುತ್ತ ಕೂತು ನನ್ನನ್ನೇ ನೋಡುವುದು ನನ್ನ ಜೀವಮಾನದಲ್ಲಿ ಅದೇ ಮೊದಲು. ಶುರುವಿನಲ್ಲಿ ನೆಲ ನೋಡಿಕೊಂಡು ಕೂಗಿದೆ, ಬೇಬಿಯಕ್ಕನ ಚೌಕಾಸಿಗೆ ಬರುವಷ್ಟರಲ್ಲಿ ತಲೆ ಎತ್ತಿದ್ದೆ. ಹೆಡ್‌ಮಾಸ್ತರರ ಮೂಗಿಗೆ ತಂಡೇಲರ ಭುಜ ಕುಣಿಯಿತು. ಅವರು ತಕ್ಷಣ ಪ್ರಸಾದದ ಕಡೆ ಮುಖ ತಿರುಗಿಸಿದರೂ ನಾನು ಕಂಡುಬಿಟ್ಟಿದ್ದೆ, ಇನ್ನು ನನ್ನನ್ನು ಹಿಡಿಯುವವರಿಲ್ಲ. ಹುಳಿ ಕಡಿಮೆಯ ಸಾರು ಮಾಡಿದೆ, ಜಡೆಯ ಮೆರವಣಿಗೆ ಮಾಡಿದೆ. ಮಣಿಗಂಟು ಮುರಿದ ದಿನದ ಮಾಲನ್ನೂ, ಹೊದಿಕೆಯೊಳಗೆ ಒಮ್ಮೆಯೂ ಮಾಡದಿದ್ದದ್ದನ್ನು, ಅಲ್ಲೇ ಹೊಸದಾಗಿ ಹೊಂದಿಸಿ ಕೂಗಿದೆ. ಆ ಮುರಿದ ಸದ್ದನ್ನು ನಾಲಿಗೆಯಿಂದ ಅಂಗುಳಕ್ಕೆ ಹೊಡೆದು ಮಾಡಿದೆ. ಬಾಗಿಲಲ್ಲಿ ನಿಂತಿದ್ದ ಅಮ್ಮ ಪ್ಲಾಸ್ಟರಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಆಗ ಯಾರೂ ನಗುತ್ತಿರಲಿಲ್ಲ. ನನಗದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಪ್ಪಯ್ಯ ನನ್ನ ಬಾಯನ್ನೇ ನೋಡುತ್ತಿದ್ದರು. ಹೌದಾ, ನನ್ನ ಸ್ವರ ಹೀಗೇ ಇದೆಯಾ ಎಂದು ಪಕ್ಕದಲ್ಲಿದ್ದ ತಂಡೇಲರನ್ನು ಮೆಲ್ಲಗೆ ಕೇಳಿದರು. ತಂಡೇಲರು ಎದ್ದು ಹೊರಟರು. ಎಲ್ಲರೂ ಹೋದ ಮೇಲೆ ಅಪ್ಪಯ್ಯ ನನ್ನ ಕಿವಿಯ ಹತ್ತಿರ ಬಗ್ಗಿದರು. ಗಂಧದ ಪರಿಮಳದ ಜೊತೆ ಮಾತು ಬಂತು.

"ಮಾಲಿ ಇಳೀಲಿ ಮಾಣಿ. ಮತ್ತ್ ಕಾಣ್ತೆ ನಿನ್ನ."

ಅಂದಿನಿಂದ ಮನೆಯವರಿಗೆಲ್ಲ ಒಂದೇ ಲೆಕ್ಕ, ಮಾಲೆ ಇಳಿಯಲು ಇನ್ನೆಷ್ಟು ದಿನ. ಅದು ಇಳಿದ ಸಂಜೆ ಹಳೆಯ ಮನೆಯೇ ಮರಳಿ ಬರುತ್ತದೋ ಏನೋ. ಬಂದರೆ ಈ ಸಲ ಬಡ್ಡಿ ಸಮೇತ, ಆ ಬಡ್ಡಿ ನನ್ನ ಬೆನ್ನಿಗೆ. ಅಮ್ಮ ಮಾತ್ರ ದಿನ ಎಣಿಸುತ್ತ ಕೂರಲಿಲ್ಲ. ಮಾಲೆ ಕೊರಳಲ್ಲಿರುವಷ್ಟರೊಳಗೆ ಮಗಳಿಗೆ ಬೇರೆ ರೀತಿಯಲ್ಲಿ ಮಲಗುವುದನ್ನು ಕಲಿಸಿಬಿಡಬೇಕೆಂದು ಹಟ ಹಿಡಿದಳು. ಕಾಲು ತೊಳೆಯುವುದು, ಗಂಜಿ, ಎಣ್ಣೆ, ಅಜ್ಜಿಯ ಕ್ರಮವೆಲ್ಲ ಹಾಗೇ ಇರಲಿ ಎಂದಳು. ಬೋಟಿನ ಸದ್ದಿಗೆ ಕಿವಿಗೊಡುವುದನ್ನು ಬಿಡಿಸಿದಳು. ಆ ಹೊತ್ತಿಗೆ ಸುಮಿಯನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು ತೆಂಗಿನಕಾಯಿ ತುರಿದ ಚಿಪ್ಪು ಕೊಟ್ಟು ಕೆರೆಯಲು ಹೇಳುತ್ತಿದ್ದಳು. ಆದರೂ ಚಾಪೆಗೆ ಬಂದ ಮೇಲೆ ಸುಮಿಯ ಕೈ ದಿಂಬನ್ನು ಹುಡುಕುತ್ತಿತ್ತು. ಒಂದು ಸಂಜೆ ಅಮ್ಮ ಅವಳನ್ನು ಎತ್ತಿಕೊಂಡು ಹೋಗಿ ಚಾವಡಿಯಲ್ಲಿ ಬಲೆ ಹೆಣೆಯುತ್ತ ಕೂತಿದ್ದ ಅಪ್ಪಯ್ಯನ ಮುಂದೆ ಇಳಿಸಿದಳು.

"ಸ್ವಾಮಿ, ನಿಮ್ ಕೈ ಈಗ ಖಾಲಿ ಇತ್ತಲ್ದಾ. ಈ ಹೆಣ್ಣಿನ್ನ ಮನಿಕ್ಸಿ ಕಾಂಬ."

ಅಪ್ಪಯ್ಯನಿಗೆ ಮಗುವನ್ನು ಎಲ್ಲಿ ಹಿಡಿಯಬೇಕೆಂದೂ ತಿಳಿಯುತ್ತಿರಲಿಲ್ಲ. ದೊಡ್ಡ ಅಂಜಲ್ ಮೀನನ್ನು ಹಿಡಿದ ಹಾಗೆ ಕಂಕುಳಿಗೆ ಕೈ ಕೊಟ್ಟು ಎತ್ತಿ, ಅಲ್ಲೇ ಬಲೆಯ ಮೇಲೆ ಮಲಗಿಸಿದರು. ಜೋಗುಳ ಬಾರದು, ಕತೆ ಬಾರದು. ನಡುಗುವ ಕೈಗೆ ಹೆಣೆಯುವುದೊಂದೇ ಗೊತ್ತು. ಹೆಣೆಯುವವರು ಬಲೆಯ ಕಣ್ಣನ್ನು ತಮ್ಮ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದುಕೊಳ್ಳುತ್ತಾರೆ. ಸುಮಿ ತನ್ನ ಕಾಲನ್ನೂ ಚಾಚಿದಳು. ಅಪ್ಪಯ್ಯ ಬಲೆಯ ಒಂದು ಕಣ್ಣನ್ನು ಅವಳ ಹೆಬ್ಬೆರಳಿಗೆ ಸಿಕ್ಕಿಸಿದರು. ಮರದ ಸೂಜಿ ಹೋಗಿಬಂದು ಗಂಟು ಬಿಗಿದಾಗೆಲ್ಲ ಅವಳ ಬೆರಳಿಗೆ ಸಣ್ಣದೊಂದು ಎಳೆತ. ಬಿಗಿತ, ಸಡಿಲ, ಬಿಗಿತ, ಸಡಿಲ. ಸುಮಿ ಮೊದಲು ನಕ್ಕಳು, ಆಮೇಲೆ ಆಕಳಿಸಿದಳು, ಆಮೇಲೆ ಮಲಗಿದಳು. ದಿಂಬು ಒಳಕೋಣೆಯಲ್ಲೇ ಉಳಿಯಿತು. ಅಂದು ಅಪ್ಪಯ್ಯ ಎಷ್ಟೋ ಹೊತ್ತು ಕಾಲು ಅಲುಗಿಸದೆ ಕೂತಿದ್ದರು. ನಾನು ಗೋಡೆಗೆ ಜೋತುಬಿದ್ದು ಮೇಲಿಂದ ಇಣುಕಿ ನೋಡಿದೆ. ಅದನ್ನೂ ನಕಲು ಮಾಡಲು ಪ್ರಯತ್ನಿಸಿದ್ದೇನೆ, ಈವರೆಗೆ ಬಂದಿಲ್ಲ.

ತಂಡ ಮಲೆಗೆ ಹೋಗಿ ಮಾಲೆ ಇಳಿಸಿ ಬಂತು. ಬಂದ ಮರುದಿನ ಬೋಟು ಕಡಲಿಗಿಳಿಯಿತು. ಸಂಜೆ ದಡದಿಂದಲೇ ಒಂದು ಬುಟ್ಟಿ ಬಂಗುಡೆ ಮನೆಗೆ ಬಂತು, ವ್ರತ ಮುಗಿದ ಊಟಕ್ಕೆ. ಬುಟ್ಟಿ ತಂದವನು ಅಪ್ಪಯ್ಯ ಗಡಂಗಿನ ಮುಂದೆ ನಿಂತಿದ್ದಾರೆ ಎಂದೂ ಹೇಳಿ ಹೋದ. ಅಜ್ಜಿ ಒಣಮೀನು ಸುಡುವುದನ್ನು ಬಿಟ್ಟು ಹಗ್ಗದ ತುಂಡನ್ನು ಹುಡುಕಿ ಎಲ್ಲೋ ಬಚ್ಚಿಟ್ಟು ಬಂದಳು. ಅಮ್ಮನ ಪ್ಲಾಸ್ಟರು ಆಗಷ್ಟೇ ತೆಗೆದದ್ದು, ಮಣಿಗಂಟು ಇನ್ನೂ ಸೊಟ್ಟ. ಚಾವಡಿಯ ಮೂಲೆಯಲ್ಲಿ, ಕಾಲಿನಿಂದ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಮೀನು ಕೊಯ್ಯತೊಡಗಿದಳು. ಸುಮಿ ಕಾಲು ತೊಳೆಸಿಕೊಂಡು, ಎಣ್ಣೆ ಹಚ್ಚಿಸಿಕೊಂಡು, ಚಾವಡಿಯಲ್ಲಿ ಬಲೆಯ ರಾಶಿಯ ಪಕ್ಕ ಕೂತು ಅಪ್ಪಯ್ಯನಿಗೆ ಕಾಯುತ್ತಿದ್ದಳು. ಅಪ್ಪಯ್ಯ ಬಂದರು. ಬಲೆಯನ್ನೂ ನೋಡಲಿಲ್ಲ, ಸುಮಿಯನ್ನೂ ನೋಡಲಿಲ್ಲ. ನನ್ನ ಅಂಗಿಯ ಕಾಲರು ಹಿಡಿದು ಎತ್ತಿ ನಿಲ್ಲಿಸಿ, ಇವತ್ತು ಏಲಂ ಇಲ್ಲವಾ, ಮಾಲು ನಾನು ತಂದಿದ್ದೇನೆ ಎಂದರು. ಮೊದಲನೆಯದು ಕಿವಿಯ ಮೇಲೆ ಬಿತ್ತು. ಗೋಡೆ ಎದ್ದು ಬಂದು ನನ್ನ ಇನ್ನೊಂದು ಕೆನ್ನೆಗೆ ಹೊಡೆಯಿತು. ಎರಡನೆಯದಕ್ಕೆ ತುಟಿ ಒಡೆದು ಬಾಯಲ್ಲಿ ಉಪ್ಪುಪ್ಪಾಯಿತು. ಅಜ್ಜಿ ಕೂಗುತ್ತಿದ್ದದ್ದು ಬಹಳ ದೂರದಲ್ಲಿ, ಕಡಲಿನಾಚೆ ಎಲ್ಲೋ ಕೇಳುತ್ತಿತ್ತು.

ಆಗ ಅಮ್ಮ ಸುಮಿಯನ್ನು ನೋಡುತ್ತಿದ್ದಳು. ನಾನೂ ನೋಡಿದೆ. ಅಷ್ಟು ಹೊತ್ತು ನೆಟ್ಟಗೆ ಕೂತು ಕಾಯುತ್ತಿದ್ದ ಸುಮಿ ಮೊದಲ ಪೆಟ್ಟಿಗೆ ಬೆಚ್ಚಲಿಲ್ಲ, ಅಳಲಿಲ್ಲ. ದೊಡ್ಡದಾಗಿ ಆಕಳಿಸಿದಳು. ಎರಡನೆಯ ಪೆಟ್ಟಿಗೆ ಬಲೆಯ ಮೇಲೆ ಮಗ್ಗುಲಾಗಿ, ಬೆರಳು ಬಾಯಲ್ಲಿಟ್ಟು, ಕಣ್ಣು ಮುಚ್ಚಿದಳು. ಮುಖದಲ್ಲಿ ಅಂಥ ನೆಮ್ಮದಿ. ಮೂರನೆಯದಕ್ಕೆ ಅಪ್ಪಯ್ಯ ಕೈ ಎತ್ತಿದಾಗ ಅವಳು ನಿದ್ರೆಯಲ್ಲಿದ್ದಳು.

ಆ ಮೂರನೆಯದು ಬೀಳಲಿಲ್ಲ. ಆ ಸಂಜೆಯ ನಂತರ ಆ ಮನೆಯಲ್ಲಿ ಅಪ್ಪಯ್ಯ ಯಾರ ಮೇಲೂ ಕೈ ಮಾಡಲಿಲ್ಲ. ಕುಡಿದ ದಿನ ದಡದಲ್ಲಿ ಎಳೆದಿಟ್ಟ ದೋಣಿಯಲ್ಲೇ ಮಲಗಿ ಬೆಳಿಗ್ಗೆ ಬರುತ್ತಿದ್ದರು. ಅದು ಅಯ್ಯಪ್ಪನ ಮಹಿಮೆ ಎಂದು ಅಜ್ಜಿ ಸಾಯುವವರೆಗೂ ಹೇಳಿದಳು. ತಂಡೇಲರು ಹೆದರಿಸಿದ್ದರಿಂದ ಎಂದು ಬೇಬಿಯಕ್ಕ ಈಗಲೂ ಹೇಳುತ್ತಾಳೆ. ಇಬ್ಬರೂ ಅಲ್ಲಿ ಇರಲಿಲ್ಲ. ಬೇಬಿಯಕ್ಕ ಬೇಲಿಯಾಚೆ, ಅಜ್ಜಿ ಜನ ಕರೆಯಲು ಅಂಗಳಕ್ಕೆ ಓಡಿದ್ದಳು. ಇದ್ದವನು ನಾನು, ಬಾಯಿ ತುಂಬ ರಕ್ತ ತುಂಬಿಕೊಂಡು. ಅಪ್ಪಯ್ಯ ಕೈ ಎತ್ತಿಕೊಂಡೇ, ನನ್ನ ಮನೆ, ನನ್ನ ಮಗ, ಹೊಡೆದರೆ ಯಾರು ಕೇಳುವವರು ಎಂದು ಅಮ್ಮನ ಕಡೆ ಗುಡುಗಿದರು. ಅಮ್ಮ ಎದ್ದು ನಿಲ್ಲಲಿಲ್ಲ, ಸ್ವರ ಏರಿಸಲಿಲ್ಲ, ಆ ದಿನ ಒಂದು ಬೈಗುಳವೂ ಅವಳ ಬಾಯಿಂದ ಬರಲಿಲ್ಲ. ಕೈಯಲ್ಲಿದ್ದ ಬಂಗುಡೆಯ ತಲೆಯನ್ನು ಕತ್ತಿಗೆ ಒತ್ತಿ ಬೇರೆ ಮಾಡಿ ಬುಟ್ಟಿಗೆ ಹಾಕಿದಳು. ಇನ್ನೊಂದನ್ನು ಎತ್ತಿಕೊಳ್ಳುತ್ತ, ಅಪ್ಪಯ್ಯನ ಬರಿ ಕೊರಳನ್ನು ನೋಡಿ, ಮಲಗಿದ ಮಗಳಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹೇಳಿದಳು.

"ಹೊಡಿರಿ, ನಾ ಬ್ಯಾಡ ಅಂಬುದಿಲ್ಲ. ಹೊಡ್ದ್ ಮುಗ್ಸಿ ನೀವೂ ಇಲ್ಲೇ ಮನಿಕಂಬುದಲ್ದಾ."